ಅಡುಗೆಮನೆಗೂ ಒಂದು ಸ್ಪೀಕರ್

ಅಕ್ಕಲಕೋಟೆಯ ಹಳೆಯ ಮಾಳಿಗೆ ಮನೆಗಳ ಗೋಡೆ ಕಡಿಮೆಯೆಂದರೂ ಒಂದೂವರೆ ಅಡಿ ದಪ್ಪ. ಕಲ್ಲು, ಮಣ್ಣು, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮತ್ತೆ ಮಣ್ಣು. ಸೊಲ್ಲಾಪುರ ಜಿಲ್ಲೆಯ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಮನೆ ಇನ್ನೊಂದಿಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗಲೂ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಬಹುದು. ಆದರೆ ಬಿಸಿಲನ್ನು ತಡೆಯುವ ಆ ಗೋಡೆ ದನಿಯನ್ನೂ ತಡೆಯುತ್ತದೆ. ಪಡಸಾಲೆಯ ರೇಡಿಯೋ ಎರಡು ಕೋಣೆ ದಾಟಿ ಹಿಂದಿನ ಅಡುಗೆಮನೆ ಮುಟ್ಟುವಷ್ಟರಲ್ಲಿ ಬರೀ ಗುಂಯ್ ಎನ್ನುವ ಸದ್ದಾಗಿರುತ್ತದೆ. ದಪ್ಪ ಗೋಡೆ ತಗ್ಗಿನ ಸ್ವರಗಳನ್ನು ಒಂದಿಷ್ಟಾದರೂ ಬಿಟ್ಟುಕೊಡುತ್ತದೆ, ಮೇಲಿನ ಸ್ವರಗಳನ್ನು ಬಿಟ್ಟುಕೊಡುವುದಿಲ್ಲ. ಮಾತಿನ ಅರ್ಥ ನಿಂತಿರುವುದೇ ಆ ಮೇಲಿನ ಸ್ವರಗಳ ಮೇಲೆ. ಹಾಗಾಗಿ ಅಡುಗೆಮನೆಯಲ್ಲಿದ್ದವರಿಗೆ ಯಾರೋ ಹಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಏನು ಹಾಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ.

ಅಂಥದೊಂದು ಮನೆಯಲ್ಲಿ ಎಪ್ಪತ್ತರ ದಶಕದಲ್ಲಿ ಬೆಳೆದ ಕಿರಿಯ ಮಗನ ಕಥೆ ಇದು. ತಂದೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಾಸ್ತರರು. ಅಂಗಡಿ, ಕಚೇರಿಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ತಾಲೂಕಿನ ಬಹಳಷ್ಟು ಮನೆಗಳು ಆಗಲೂ ಹೀಗೇ ಇದ್ದವು, ಈಗಲೂ ಹೀಗೇ ಇವೆ. ಗಡಿ ವಿವಾದದ ಕುರಿತ 1967ರ ಮಹಾಜನ್ ವರದಿ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಕನ್ನಡ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿದ್ದ ಆ ಮನೆಗೆ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಕನ್ನಡವೆಂದರೆ ರೇಡಿಯೋ ಒಂದೇ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾಗಿತ್ತು. 1966ರಲ್ಲಿ ಕಲಬುರಗಿಯ ಕೇಂದ್ರವೂ ಬಂದ ಮೇಲೆ ಅಕ್ಕಲಕೋಟೆಗೆ ಕನ್ನಡದ ದನಿ ಇನ್ನಷ್ಟು ಹತ್ತಿರವಾಯಿತು. ಬೆಳಿಗ್ಗೆ ಏಳು ದಾಟಿ ಐದು ನಿಮಿಷಕ್ಕೆ ಪ್ರದೇಶ ಸಮಾಚಾರ, ಅದರ ಆಚೀಚೆ ವಚನ ಗಾಯನ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರೆಲ್ಲ ಆ ಮನೆಗೆ ಬಂದದ್ದು ಮರದ ಪೆಟ್ಟಿಗೆಯ ಮರ್ಫಿ ರೇಡಿಯೋದ ಮೂಲಕ.

ಆ ರೇಡಿಯೋ ಪಡಸಾಲೆಯ ಮಾಡದಲ್ಲಿ ಕೂತಿತ್ತು. ಬೆಳಗಿನ ಹೊತ್ತು ಅದರ ಮುಂದೆ ಕೂತು ಕೇಳುವ ಬಿಡುವು ಇದ್ದದ್ದು ಗಂಡಸರಿಗೆ. ಆ ವೇಳೆಗೆ ಮನೆಯ ಹೆಂಗಸರೆಲ್ಲ ಒಲೆಯ ಮುಂದೆ, ಜೋಳದ ರೊಟ್ಟಿ ಬಡಿಯುವ ಕೆಲಸದಲ್ಲಿ. ಕೇಳುವ ಆಸೆ ಎಲ್ಲರಿಗಿಂತ ಹೆಚ್ಚಾಗಿದ್ದದ್ದು ಮಾತ್ರ ತಾಯಿಗೆ. ಒಂದು ದಿನ ಆಕೆ ಗಂಡನಿಗೆ ನೇರವಾಗಿಯೇ ಕೇಳಿದರು.

“ಅಲ್ರೀ, ಆ ಹಾಡು ನಿಮಗಷ್ಟ ಏನ್ರೀ? ಒಲಿ ಮುಂದ ಕುಂತವರಿಗೂ ಕಿವಿ ಅದಾವ.”

ಮಾಸ್ತರರು ಎರಡನೇ ರೇಡಿಯೋ ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸೆಟ್ಟಿನ ಬೆಲೆಯ ಜೊತೆಗೆ ವರ್ಷವರ್ಷವೂ ಪೋಸ್ಟ್ ಆಫೀಸಿಗೆ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲ ಅದು. ದಾರಿ ತೋರಿಸಿದ್ದು ಊರಿನ ರೇಡಿಯೋ ಮಿಸ್ತ್ರಿ. ಸೆಟ್ಟನ್ನು ತಿರುಗಿಸಿ ಹಿಂದಿನ ರಟ್ಟಿನ ಮೇಲೆ ಬೆರಳಿಟ್ಟ. “ಇನ್ನೊಂದ್ ಸೆಟ್ ಯಾಕ್ರೀ ಮಾಸ್ತರ? ಇಲ್ಲೆ ಎರಡು ತೂತ ಅದಾವ ನೋಡ್ರಿ. ಇದರಾಗ ವಾಯರ್ ಸಿಗಿಸಿದ್ರ ಮುಗೀತು.”

ಆ ಕಾಲದ ಅನೇಕ ವಾಲ್ವ್ ರೇಡಿಯೋಗಳಿಗೆ ಹಿಂದೆ ಹೊರಗಿನ ಸ್ಪೀಕರ್ ಸಿಗಿಸುವ ಜಾಗ ಇರುತ್ತಿತ್ತು. ವಾಲ್ವಿನಿಂದ ಬರುವ ಹೆಚ್ಚಿನ ವೋಲ್ಟೇಜನ್ನು ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಳಿಸಿ ಸ್ಪೀಕರಿಗೆ ಕೊಡುತ್ತದೆ. ಆ ಇಳಿಸಿದ ಕಡೆಯಿಂದಲೇ ಎರಡು ತಂತಿ ಹೊರಗೆ ಎಳೆದುಕೊಂಡರೆ ಇನ್ನೊಂದು ಸ್ಪೀಕರೂ ಮಾತಾಡುತ್ತದೆ. ಮಿಸ್ತ್ರಿ ಒಂದು ಹಳೆಯ ಸ್ಪೀಕರನ್ನು ಹಲಗೆಯ ಡಬ್ಬಿಗೆ ಕೂರಿಸಿ, ಜಂತಿಗಳ ಸಂದಿಯಲ್ಲಿ ವಾಯರ್ ಎಳೆದು, ಅಡುಗೆಮನೆಯ ಬೆಳಕಿಂಡಿಯ ಪಕ್ಕ ಮೊಳೆಗೆ ತೂಗುಹಾಕಿದ. ಮರುದಿನ ಬೆಳಿಗ್ಗೆ ರೊಟ್ಟಿಯ ಸಪ್ಪಳದ ನಡುವೆಯೇ ಮನ್ಸೂರರ ದನಿ ಒಲೆಯ ಮುಂದಕ್ಕೆ ಬಂತು. ಹುಡುಗ ಅವ್ವನ ಮುಖ ನೋಡುತ್ತ ನಿಂತಿದ್ದ. ಒಂದು ಮನೆಯ ಎರಡು ಕೋಣೆಗೆ ಒಂದೇ ಹಾಡು ಹೋಗಬಹುದು ಎಂಬ ಸಂಗತಿ ಅವನ ತಲೆಯಲ್ಲಿ ಕೂತದ್ದು ಅವತ್ತು.

ಆ ಏರ್ಪಾಡಿಗೆ ಒಂದು ಮಿತಿ ಇತ್ತು. ಎರಡೂ ಸ್ಪೀಕರಿಗೆ ದನಿಯ ಗುಂಡಿ ಒಂದೇ. ಪಡಸಾಲೆಗೆ ಯಾರಾದರೂ ಬಂದು ಮಾಸ್ತರರು ರೇಡಿಯೋ ಸಣ್ಣದು ಮಾಡಿದರೆ ಅಡುಗೆಮನೆಯೂ ಮೂಕವಾಗುತ್ತಿತ್ತು. ಮಿಸ್ತ್ರಿ ಆಮೇಲೆ ಅಡುಗೆಮನೆಯ ಡಬ್ಬಿಗೆ ಬೇರೊಂದು ಗುಂಡಿ ಹಚ್ಚಿಕೊಟ್ಟ. ಅದರಿಂದ ಅಲ್ಲಿ ದನಿ ಇಳಿಸಬಹುದಿತ್ತು, ಏರಿಸಲು ಬರುತ್ತಿರಲಿಲ್ಲ. ಪ್ರತಿ ಕೋಣೆಗೂ ಅದರದೇ ದನಿ, ಸಾಧ್ಯವಾದರೆ ಅದರದೇ ಹಾಡು: ಇವತ್ತಿನ ಹೋಮ್ ಥಿಯೇಟರ್ ರಿಸೀವರುಗಳು ‘ಝೋನ್ 2’ ಎಂದು ಕರೆಯುವುದು ಇದನ್ನೇ. ಅಕ್ಕಲಕೋಟೆಯ ಆ ಅಡುಗೆಮನೆಗೆ ಅದು ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಡುವೆ ಹುಡುಗ ಕಾಲೇಜಿಗೆಂದು ಸೊಲ್ಲಾಪುರಕ್ಕೆ ಹೋದ. ರಜೆಯ ದಿನಗಳಲ್ಲಿ ಮೈಕ್ ಸೆಟ್ಟಿನವರ ಜೊತೆ ಸುತ್ತಿದ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ, ಏಳು ನಂದಿಧ್ವಜಗಳ ಮೆರವಣಿಗೆ. ಅಕ್ಕಲಕೋಟೆಯಲ್ಲಿ ವಟವೃಕ್ಷದ ಗುಡಿ. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಗುರುಪೂರ್ಣಿಮೆಗೆ ಅಲ್ಲಿ ಸೇರುವ ಜನಕ್ಕೆ ಲೆಕ್ಕವಿಲ್ಲ. ಇಂಥ ಕಡೆ ಒಂದೇ ಆಂಪ್ಲಿಫೈಯರಿನಿಂದ ಇಪ್ಪತ್ತು, ಮೂವತ್ತು ಭೋಂಗಾಗಳಿಗೆ, ಅಂದರೆ ಕಹಳೆಯಾಕಾರದ ಸ್ಪೀಕರುಗಳಿಗೆ, ಅದೂ ಫರ್ಲಾಂಗು ದೂರದವರೆಗೆ, ತೆಳ್ಳನೆಯ ವಾಯರಿನಲ್ಲಿ ದನಿ ಹೇಗೆ ಹೋಗುತ್ತದೆ ಎಂಬುದನ್ನು ಅವನು ಅಲ್ಲಿ ಕೈಯಾರೆ ಕಲಿತ.

ಇದರ ಗುಟ್ಟು ತಿಳಿದಿಟ್ಟುಕೊಳ್ಳುವಂಥದು. 8 ಓಮ್ ಸ್ಪೀಕರಿಗೆ 100 ವಾಟ್ ಕೊಡಬೇಕಾದರೆ ಸುಮಾರು 28 ವೋಲ್ಟ್, ಮೂರೂವರೆ ಆಂಪಿಯರ್ ಬೇಕು. ಅದೇ 100 ವಾಟನ್ನು 100 ವೋಲ್ಟಿಗೆ ಏರಿಸಿ ಕಳಿಸಿದರೆ ಒಂದೇ ಆಂಪಿಯರ್ ಸಾಕು. ತಂತಿಯಲ್ಲಿ ಸೋರಿಹೋಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಆದ್ದರಿಂದ ಅದೇ ತಂತಿಯಲ್ಲಿ ನಷ್ಟ ಹನ್ನೆರಡು ಪಟ್ಟು ಕಡಿಮೆಯಾಗುತ್ತದೆ. ಪ್ರತಿ ಭೋಂಗಾದ ಬುಡದಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಕೂತು ವೋಲ್ಟೇಜನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಬೇಕಾದಷ್ಟು ಭೋಂಗಾಗಳನ್ನು ಒಂದೇ ಲೈನಿಗೆ ಜೋಡಿಸುತ್ತ ಹೋಗಬಹುದು, ಒಟ್ಟು ವಾಟ್ ಮಾತ್ರ ಆಂಪ್ಲಿಫೈಯರಿನ ಶಕ್ತಿ ಮೀರಬಾರದು. ನಮ್ಮ ದೇಶದ ಗುಡಿ, ಶಾಲೆ, ರೈಲು ನಿಲ್ದಾಣಗಳಲ್ಲಿ ಕಾಣುವ ಅಹುಜಾ ಸೆಟ್ಟುಗಳ ‘100 ವೋಲ್ಟ್ ಲೈನ್’ ಎಂದರೆ ಇದೇ. ಆದರೆ ಗುಡಿಯ ಲೈನ್ ಸ್ಪೀಕರನ್ನು ಮನೆಯ ರಿಸೀವರಿಗೆ ಜೋಡಿಸಲು ಹೋಗಬಾರದು. ಎರಡರ ಹಾದಿ ಬೇರೆ.

ನೌಕರಿ ಸೊಲ್ಲಾಪುರದಲ್ಲೇ ಸಿಕ್ಕಿತು, ಜುಳೆ ಸೊಲ್ಲಾಪುರದಲ್ಲಿ ಮನೆಯೂ ಆಯಿತು. ಅಕ್ಕಲಕೋಟೆ ಅಲ್ಲಿಂದ ನಲವತ್ತು ಕಿಲೋಮೀಟರ್ ಒಳಗೆ. ಮಾಸ್ತರರು ತೀರಿದ ಮೇಲೂ ತಾಯಿ ಮಾಳಿಗೆ ಮನೆ ಬಿಟ್ಟು ಬರಲಿಲ್ಲ. ಹಿರಿಯ ಮಗನ ಸಂಸಾರದ ಜೊತೆ ಅಲ್ಲೇ ಉಳಿದರು. ಮರ್ಫಿ ಎಂದೋ ಮೂಕವಾಗಿತ್ತು. ಆಮೇಲೆ ಬಂದ ಟ್ರಾನ್ಸಿಸ್ಟರಿನಲ್ಲಿ ಧಾರವಾಡ ಹಿಡಿದರೆ, ಮನೆಮನೆಗೂ ಬಂದ ಇನ್ವರ್ಟರು, ಚಾರ್ಜರುಗಳ ಗದ್ದಲವೇ ಹೆಚ್ಚು ಕೇಳುತ್ತಿತ್ತು.

ಒಂದು ಸಲ ಮುಂಬೈಗೆ ಹೋದಾಗ ಕಿರಿಯ ಮಗ ಲ್ಯಾಮಿಂಗ್ಟನ್ ರೋಡಿನಿಂದ 7.1 ಚಾನೆಲ್‌ನ ರಿಸೀವರ್ ತಂದರು. ಹತ್ತು ಕಿಲೋ ಹತ್ತಿರದ ಪೆಟ್ಟಿಗೆ. ರಾತ್ರಿಯಿಡೀ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಕಾಲಿನ ಹತ್ತಿರವೇ ಇಟ್ಟುಕೊಂಡು ಬಂದು, ಮರುದಿನವೇ ಅಕ್ಕಲಕೋಟೆಗೆ ಒಯ್ದರು. ಅಣ್ಣನ ಮಕ್ಕಳಿಗೆ ಸಿನಿಮಾದ ಆಸೆ, ಅವರಿಗೆ ಅಡುಗೆಮನೆಯ ಆಸೆ. ಒಂದೇ ಪೆಟ್ಟಿಗೆ ಎರಡನ್ನೂ ನಡೆಸಬಲ್ಲದು ಎಂಬ ಭರವಸೆ ಅವರಿಗಿತ್ತು.

7.1 ಎಂದರೆ ಒಳಗೆ ಏಳು ಆಂಪ್ಲಿಫೈಯರ್. ಸಿನಿಮಾಕ್ಕೆ ಐದು ಸ್ಪೀಕರ್, ಒಂದು ಸಬ್‌ವೂಫರ್ ಸಾಕೆಂದುಕೊಂಡರೆ, ಹಿಂಬದಿಯ ಎರಡು ಸ್ಪೀಕರಿಗೆಂದು ಇಟ್ಟ ಆಂಪ್ಲಿಫೈಯರುಗಳು ಖಾಲಿ ಉಳಿಯುತ್ತವೆ. ಸೆಟ್ಟಿಂಗಿನಲ್ಲಿ ‘ಆಂಪ್ ಅಸೈನ್’ ಎಂಬಲ್ಲಿ ಅವನ್ನು ಝೋನ್ 2ಕ್ಕೆ ಕೊಡಬಹುದು. ಆಗ ಪಡಸಾಲೆಯಲ್ಲಿ ಮಕ್ಕಳು ಸಿನಿಮಾ ನೋಡುತ್ತಿರುವಾಗಲೇ ಇನ್ನೊಂದು ಕೋಣೆಯಲ್ಲಿ ಬೇರೆ ಹಾಡು, ಬೇರೆ ದನಿಮಟ್ಟ. ಕೆಲವು ರಿಸೀವರುಗಳಲ್ಲಿ ‘ಸ್ಪೀಕರ್ ಎ, ಬಿ’ ಎಂಬ ಗುಂಡಿ ಇರುತ್ತದೆ. ಅದನ್ನೇ ಝೋನ್ ಎಂದು ತಿಳಿಯುವವರು ಬಹಳ. ಎ-ಬಿ ಎಂದರೆ ಒಂದೇ ಹಾಡನ್ನು ಒಂದೇ ಮಟ್ಟದಲ್ಲಿ ಎರಡು ಕಡೆ ಕೊಡುವುದು, ಅಂದರೆ ಮಿಸ್ತ್ರಿಯ ಹಳೆಯ ಏರ್ಪಾಡು. ಅದರಲ್ಲಿ ಒಂದು ಅಪಾಯವೂ ಇದೆ. ಎರಡು 8 ಓಮ್ ಸ್ಪೀಕರುಗಳನ್ನು ಪಕ್ಕಪಕ್ಕ ಜೋಡಿಸಿದರೆ ಆಂಪ್ಲಿಫೈಯರಿಗೆ ಅವು 4 ಓಮ್ ಆಗಿ ಕಾಣುತ್ತವೆ. ಕರೆಂಟು ಎರಡು ಪಟ್ಟಾಗುತ್ತದೆ, ಪೆಟ್ಟಿಗೆ ಕಾದು ತಾನಾಗಿ ಬಂದ್ ಆಗಬಹುದು.

ವಾಯರ್ ಎಳೆದದ್ದು ಹಳೆಯ ಹಾದಿಯಲ್ಲೇ, ಜಂತಿಗಳ ಸಂದಿಯಲ್ಲಿ. ಈ ಸಲ ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ. ಸುತ್ತಿಬಳಸಿ ಹೋಗುವಾಗ ಇಪ್ಪತ್ತು ಮೀಟರ್ ಆಯಿತು. ಇಲ್ಲಿ ವಾಯರಿನ ದಪ್ಪ ಮುಖ್ಯ. ದನಿ ಹೋಗಿಬರಲು ಎರಡು ಎಳೆ ಬೇಕು, ಅಂದರೆ ಒಟ್ಟು ನಲವತ್ತು ಮೀಟರ್ ತಾಮ್ರ. 1 ಚದರ ಮಿಲಿಮೀಟರ್ ವಾಯರಾದರೆ ಅದರ ತಡೆ ಸುಮಾರು 0.7 ಓಮ್, 2.5 ಚದರ ಮಿಲಿಮೀಟರಾದರೆ 0.3 ಓಮ್ ಒಳಗೆ. ಸ್ಪೀಕರಿನ ತಡೆಯ ಶೇಕಡಾ 5ಕ್ಕಿಂತ ವಾಯರಿನ ತಡೆ ಕಡಿಮೆ ಇರಲಿ ಎಂಬುದು ಈ ಕೆಲಸದವರ ಲೆಕ್ಕ. 8 ಓಮ್ ಸ್ಪೀಕರಿಗೆ ಅದು 0.4 ಓಮ್. ಹಾಗಾಗಿ 2.5. ಸ್ಪೀಕರ್ ವಾಯರ್ ಎಂದು ಬೇರೆಯಾಗಿ ದುಬಾರಿ ಬೆಲೆಗೆ ಮಾರುವುದೇ ಬೇಕಿಲ್ಲ, ಎಲೆಕ್ಟ್ರಿಕ್ ಅಂಗಡಿಯ ಒಳ್ಳೆಯ ತಾಮ್ರದ ವಾಯರ್ ಸಾಕು. ಕರೆಂಟಿನ ಲೈನಿನ ಪೈಪಿನಲ್ಲಿ ಮಾತ್ರ ಅದನ್ನು ಸೇರಿಸಬಾರದು.

ಯಾವ ಎಳೆ ಪ್ಲಸ್, ಯಾವುದು ಮೈನಸ್ ಎಂದು ನೋಡಲು ಮೈಕ್ ಸೆಟ್ಟಿನವರು ಕಲಿಸಿದ್ದ ಉಪಾಯ ಇತ್ತು. ವಾಯರಿನ ಈ ತುದಿಗೆ ಒಂದೂವರೆ ವೋಲ್ಟಿನ ಸೆಲ್ ಕ್ಷಣಮಾತ್ರ ಮುಟ್ಟಿಸಿದರೆ ಆ ತುದಿಯಲ್ಲಿ ಸ್ಪೀಕರಿನ ಕಾಗದ ಹೊರಗೆ ಉಬ್ಬಬೇಕು. ಒಳಕ್ಕೆ ಹೋದರೆ ಎಳೆ ಅದಲುಬದಲಾಗಿದೆ ಎಂದರ್ಥ. ಅಣ್ಣನ ಮಗಳು ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು “ಹೊರಗ ಬಂತು ಕಾಕಾ!” ಎಂದು ಕೂಗಿದಳು.

ಸಿಡಿ ಪ್ಲೇಯರಿನಲ್ಲಿ ಭೀಮಸೇನ ಜೋಶಿಯವರ ದಾಸರ ಪದ ಹಾಕಿದರೆ ಅಡುಗೆಮನೆಯಲ್ಲಿ ಚೆನ್ನಾಗಿ ಬಂತು. ಟಿವಿಯ ದನಿ ಬರಲಿಲ್ಲ. “ಟಿವಿದು ಇಲ್ಲಿ ಬರವಲ್ದಲ್ಲೋ ತಮ್ಮಾ, ಬರೇ ಆ ಹಾಡಿನ ಪೆಟಗಿದು ಬರ್ತದ” ಎಂದರು ತಾಯಿ.

ಝೋನ್ 2 ಹಾಕಿಕೊಳ್ಳುವ ಎಷ್ಟೋ ಮನೆಗಳಲ್ಲಿ ಕೆಲಸ ಕೈಬಿಡುವುದು ಇಲ್ಲಿಯೇ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಎಚ್‌ಡಿಎಂಐ ಮತ್ತು ಆಪ್ಟಿಕಲ್ ವಾಯರಿನಲ್ಲಿ ಬರುವುದು ಅಂಕಿಯ ರೂಪದ ದನಿ. ಅದನ್ನು ಬಿಡಿಸಿ ದನಿಯ ಅಲೆಯಾಗಿ ಮಾಡುವ ಚಿಪ್ ರಿಸೀವರಿನೊಳಗೆ ಮುಖ್ಯ ಕೋಣೆಗೆಂದೇ ಮೀಸಲು. ಎರಡನೇ ಕೋಣೆಗೂ ಅಂಥ ಚಿಪ್ ಇಡುವುದು ಖರ್ಚಿನ ಮಾತು. ಆದ್ದರಿಂದ ಹಳೆಯ ಮತ್ತು ಕಡಿಮೆ ಬೆಲೆಯ ರಿಸೀವರುಗಳಲ್ಲಿ ಝೋನ್ 2ಕ್ಕೆ ಹೋಗುವುದು ಅನಲಾಗ್ ದನಿ ಮಾತ್ರ, ಅಂದರೆ ಕೆಂಪು-ಬಿಳಿ ಪಿನ್ನಿನ ವಾಯರಿನಲ್ಲಿ ಬಂದದ್ದು, ಇಲ್ಲವೇ ರಿಸೀವರಿನದೇ ಎಫ್‌ಎಂ. ಪರಿಹಾರ ಸುಲಭ. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಜೊತೆಗೇ ಕೆಂಪು-ಬಿಳಿ ವಾಯರನ್ನೂ ರಿಸೀವರಿಗೆ ಹಾಕಿದರಾಯಿತು. ಈಚಿನ ನಡುಬೆಲೆಯ ಮಾಡೆಲುಗಳಲ್ಲಿ ಈ ತೊಡಕು ಬಹುಮಟ್ಟಿಗೆ ಹೋಗಿದೆ. ಆದರೂ ಕೊಳ್ಳುವ ಮೊದಲು ಝೋನ್ 2ಕ್ಕೆ ಎಚ್‌ಡಿಎಂಐ ದನಿ ಹೋಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ, ಹಾಕಿ ತೋರಿಸಿ ಎನ್ನುವುದೇ ಸರಿ.

ಆ ಕೆಂಪು-ಬಿಳಿ ವಾಯರ್ ತಂದುಕೊಟ್ಟದ್ದು ಟಿವಿಯ ದನಿಯನ್ನಷ್ಟೇ ಅಲ್ಲ. ಮಾಳಿಗೆಯ ಮೇಲೆ ಇದ್ದದ್ದು ದೂರದರ್ಶನದ ಡಿಶ್, 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಆಮೇಲೆ ಫ್ರೀ ಡಿಶ್ ಆದ ಉಚಿತ ಸೇವೆ. ಅದರಲ್ಲಿ ಚಂದನದ ಜೊತೆಗೆ ಆಕಾಶವಾಣಿಯ ಕನ್ನಡ ವಾಹಿನಿಯೂ ಬರುತ್ತದೆ. ಇನ್ವರ್ಟರಿನ ಗದ್ದಲವಿಲ್ಲ, ಮಳೆಗಾಲದ ಸಿಡಿಲಿನ ಚಟಪಟವಿಲ್ಲ. ಮೀಡಿಯಂ ವೇವಿನಲ್ಲಿ ಹುಡುಕಿ ಹುಡುಕಿ ಕೇಳುತ್ತಿದ್ದ ಕನ್ನಡ ಆಕಾಶವಾಣಿ ಉಪಗ್ರಹದಿಂದ ತಿಳಿಯಾಗಿ ಇಳಿದು ಅಡುಗೆಮನೆಗೆ ಬಂತು. ತಾಯಿ ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲೇ ಬಿಟ್ಟು ಕೇಳುತ್ತ ಕೂತರು. ಅಷ್ಟು ದೊಡ್ಡ ಪೆಟ್ಟಿಗೆ ತಂದದ್ದು ಸಾರ್ಥಕ ಎಂದು ಮಗನಿಗೆ ಅನ್ನಿಸಿದ್ದು ಸಿನಿಮಾ ನೋಡಿದಾಗಲ್ಲ, ಇದನ್ನು ಕಂಡಾಗ.

ಎರಡನೆಯ ಉಪಾಯ ಇನ್ನೂ ಉಪಯೋಗದ್ದು. ಝೋನ್ 2ಕ್ಕೆ ಎಡ, ಬಲ ಎಂದು ಎರಡು ಸ್ಪೀಕರ್ ಇರುತ್ತವೆ. ಅಡುಗೆಮನೆಗೆ ಒಂದೇ ಹಾಕಿದರೆ ಹಾಡಿನ ಅರ್ಧ ಭಾಗ ತಪ್ಪಿಹೋಗಬಹುದು, ಕೆಲವು ಧ್ವನಿಮುದ್ರಣಗಳಲ್ಲಿ ತಬಲಾ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ ಇರುತ್ತದೆ. ಕೆಲವು ರಿಸೀವರುಗಳ ಝೋನ್ 2 ಸೆಟ್ಟಿಂಗಿನಲ್ಲಿ ‘ಮೋನೋ’ ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ ಎರಡೂ ಕಡೆ ಪೂರ್ತಿ ಹಾಡು. ಹಾಗೆ ಮಾಡಿ ಎಡದ ಸ್ಪೀಕರನ್ನು ಅಡುಗೆಮನೆಗೂ ಬಲದ್ದನ್ನು ದೇವರ ಕೋಣೆಯ ಪಕ್ಕದ ತಾಯಿಯ ಕೋಣೆಗೂ ಕೊಟ್ಟರು. ಮುಂದೆ ಮೊಣಕಾಲು ನೋವಿನಿಂದ ತಾಯಿ ಪಡಸಾಲೆಗೆ ಬರುವುದು ನಿಂತಾಗ ಈ ಬಲದ ಸ್ಪೀಕರೇ ಅವರ ಜೊತೆಗಿತ್ತು. ಎಡ-ಬಲದ ತಂತಿಗಳನ್ನು ಒಟ್ಟಿಗೆ ಹೆಣೆದು ಮೋನೋ ಮಾಡಲು ಹೋದರೆ ಮಾತ್ರ ಆಂಪ್ಲಿಫೈಯರ್ ಸುಟ್ಟೀತು.

ರಿಮೋಟು, ಮೊಬೈಲ್ ಆ್ಯಪ್ ತಾಯಿಗೆ ಒಗ್ಗುವಂಥದಲ್ಲ. ಅದಕ್ಕಾಗಿ ಎರಡೂ ಕೋಣೆಯ ಗೋಡೆಗೆ ದನಿಯ ಗುಂಡಿ ಬಂತು. ಮಿಸ್ತ್ರಿ ಹಿಂದೆ ಹಚ್ಚಿದ್ದು ಶಕ್ತಿಯನ್ನು ಬಿಸಿಯಾಗಿ ಕಳೆದುಬಿಡುವ ಗುಂಡಿ. ಈಗಿನದರೊಳಗೆ ಹಂತಹಂತದ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ದನಿ ಇಳಿಸಿದರೂ ಸ್ಪಷ್ಟತೆ ಕೆಡುವುದಿಲ್ಲ. ಫ್ಯಾನಿನ ರೆಗ್ಯುಲೇಟರಿನಷ್ಟೇ ಸರಳ. ಯಾರನ್ನೂ ಕೂಗದೆ, ಯಾರನ್ನೂ ಕಾಯದೆ ತಾಯಿ ತಮ್ಮ ಹಾಡನ್ನು ತಾವೇ ಏರಿಸಿ ಇಳಿಸಿಕೊಂಡರು. ಪಡಸಾಲೆಯ ಗುಂಡಿಯ ಹಂಗು ಕೊನೆಗೂ ತಪ್ಪಿತು.

ಸೊಲ್ಲಾಪುರದ ಕಡೆ ರಿಸೀವರಿಗೆ ದೊಡ್ಡ ಶತ್ರು ಬಿಸಿಲು. ಎರಡು ಝೋನ್ ಒಟ್ಟಿಗೆ ನಡೆದಾಗ ಪೆಟ್ಟಿಗೆ ಮೊದಲೇ ಕಾಯುತ್ತದೆ. ಗಾಜಿನ ಶೋಕೇಸಿನೊಳಗೆ ಮುಚ್ಚಿಟ್ಟರೆ ಮೇ ತಿಂಗಳಲ್ಲಿ ಅದು ಬಾಳುವುದಿಲ್ಲ. ಮೇಲೆ ಅರ್ಧ ಅಡಿ ಖಾಲಿ ಬಿಟ್ಟು, ಹಿಂಬದಿ ತೆರೆದ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಇಡಬೇಕು. ಕರೆಂಟು ಹೋಗಿಬರುವ ಊರಿನಲ್ಲಿ ಸ್ಟೆಬಿಲೈಜರ್ ಇಲ್ಲದೆ ಹಚ್ಚಲೇಬಾರದು.

ಜುಳೆ ಸೊಲ್ಲಾಪುರದ ಮನೆಯಲ್ಲಿ ಅವರು ಬೇರೆ ದಾರಿ ಹಿಡಿದರು. ಅಲ್ಲಿ ತೆಳ್ಳನೆಯ ಇಟ್ಟಿಗೆ ಗೋಡೆ, ವೈಫೈ ಎಲ್ಲ ಕೋಣೆಗೂ ಮುಟ್ಟುತ್ತದೆ. ಯಮಾಹಾ ಮ್ಯೂಸಿಕ್‌ಕಾಸ್ಟ್, ಡೆನಾನ್ ಹಿಯೋಸ್, ಸೋನೋಸ್ ಇಂಥ ವ್ಯವಸ್ಥೆಗಳಲ್ಲಿ ಎಲ್ಲ ಸ್ಪೀಕರುಗಳೂ ಗಡಿಯಾರ ಹೊಂದಿಸಿಕೊಂಡು ಒಂದೇ ಕ್ಷಣಕ್ಕೆ ನುಡಿಯುತ್ತವೆ. ಇದು ಸಣ್ಣ ಮಾತಲ್ಲ. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಸ್ಪೀಕರ್ ಸೆಕೆಂಡಿನ ಹತ್ತನೇ ಒಂದರಷ್ಟು ಹಿಂದೆ ಬಿದ್ದರೂ ಅದು 34 ಮೀಟರ್ ಆಚೆಯಿಂದ ಬಂದಂತೆ ಕೇಳಿ, ಜಾತ್ರೆಯ ದೂರದ ಭೋಂಗಾದ ಹಾಗೆ ಮಾತು ಎರಡೆರಡಾಗುತ್ತದೆ. ಸಾಮಾನ್ಯ ಬ್ಲೂಟೂತ್ ಸ್ಪೀಕರುಗಳನ್ನು ಕೋಣೆಗೊಂದು ಇಟ್ಟರೆ ಆಗುವುದು ಇದೇ. ಮಾಳಿಗೆ ಮನೆಯ ಕಲ್ಲುಗೋಡೆಯಲ್ಲಿ ವೈಫೈಯ ಮಾತೇ ಬೇರೆ. ಅಣ್ಣನ ಮನೆಯಲ್ಲಿ ಪಡಸಾಲೆಯ ರೂಟರಿನ ಅಲೆ ಅಡುಗೆಮನೆಗೆ ಬರುವಷ್ಟರಲ್ಲಿ ಹಾಡು ತುಂಡುತುಂಡಾಗುತ್ತಿತ್ತು. ಹೊಸ ಫ್ಲ್ಯಾಟಿಗೆ ವೈಫೈ ಸಾಕು, ಹಳೆಯ ಮನೆಗೆ ವಾಯರೇ ಗತಿ ಎಂಬುದು ಅವರು ಅನುಭವದಿಂದ ಕಂಡುಕೊಂಡ ತೀರ್ಮಾನ. ಈ ಲೇಖಕರೂ ಅದನ್ನು ಒಪ್ಪುತ್ತಾರೆ.

ಇದೆಲ್ಲ ಶ್ರೀಮಂತರ ಷೋಕಿ ಎನ್ನುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಸಾಧಾರಣ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಆಸುಪಾಸು ದನಿ ಕೊಡುತ್ತದೆ. ಪಕ್ಕದಲ್ಲೇ ಸ್ಪೀಕರ್ ಇದ್ದರೆ ವಾಟಿನ ಹತ್ತನೇ ಒಂದು ಭಾಗವೇ ಧಾರಾಳ. ಅದಿಲ್ಲದೆ ಪಡಸಾಲೆಯ ದನಿಯನ್ನೇ ಕಲ್ಲುಗೋಡೆ ದಾಟಿಸಲು ಹೊರಟರೆ ಪ್ರತಿ 10 ಡೆಸಿಬೆಲಿಗೂ ಶಕ್ತಿ ಹತ್ತು ಪಟ್ಟಾಗಬೇಕು. ಅಡುಗೆಮನೆಗೆ ಕೇಳುವ ಮೊದಲು ಓಣಿಗೆಲ್ಲ ಕೇಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಕೋಣೆಗೊಂದು ಸಣ್ಣ ಸ್ಪೀಕರ್ ಇಟ್ಟುಕೊಂಡ ಮನೆಯ ಹಾಡು ನೆರೆಮನೆಗೆ ತೊಂದರೆ ಕೊಡುವುದಿಲ್ಲ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಎಲೆಕ್ಟ್ರಿಕ್ ಪೈಪ್ ಹಾಕುವ ದಿನ ನೀವೇ ಸ್ಥಳದಲ್ಲಿರಿ. ಟಿವಿ ಬರುವ ಗೋಡೆಯಿಂದ ಅಡುಗೆಮನೆಗೊಂದು, ಹಿರಿಯರ ಕೋಣೆಗೊಂದು ಬೇರೆ ಪೈಪು ಹಾಕಿಸಿ, ಒಳಗೆ 2.5ರ ತಾಮ್ರದ ವಾಯರ್ ಎಳೆಸಿ. ರಿಸೀವರನ್ನು ಐದು ವರ್ಷದ ಮೇಲೆ ಕೊಂಡರೂ ನಡೆಯುತ್ತದೆ. ಗೋಡೆಗೆ ಪ್ಲಾಸ್ಟರ್ ಆದ ಮೇಲೆ ಪೈಪು ಹಾಕಿಸುವುದು ಕಷ್ಟ.